ಎ320 ಕುಟುಂಬ: ಅಲುಗಾಡದ ಥ್ರಸ್ಟ್ ಲೀವರ್, ನಾಲ್ಕು ಚಕ್ರದ ಗೇರ್, ಬೊಗಳುವ ಪಂಪ್

ರನ್‌ವೇ_09
ಪಕ್ಕದ ಎಳೆಯಲ್ಲಿ ಒಬ್ಬರು "ಏರ್‌ಬಸ್‌ನಲ್ಲಿ ಕಂಪ್ಯೂಟರೇ ಪೈಲಟ್, ಮನುಷ್ಯ ಬರೀ ಪ್ರೇಕ್ಷಕ" ಅಂತ ಬರೆದು ಹೋಗಿದ್ದಾರೆ. ಅಲ್ಲಿ ಉತ್ತರ ಕೊಟ್ಟರೆ ವಿಷಯ ಹಳಿ ತಪ್ಪುತ್ತದೆ ಅಂತ ಇಲ್ಲಿ ಬೇರೆ ಎಳೆ ತೆರೆದಿದ್ದೇನೆ. ಏರ್‌ಬಸ್‌ನ ಎ320 ವಿಮಾನದ ಬಗ್ಗೆ ಗೊತ್ತಿರುವವರು ಬನ್ನಿ, ತಪ್ಪಿದ್ದರೆ ತಿದ್ದಿ.

ಮೊದಲು ಹಿನ್ನೆಲೆ. ಯೋಜನೆಗೆ ಹಸಿರು ನಿಶಾನೆ ಸಿಕ್ಕಿದ್ದು 1984ರ ಮಾರ್ಚ್‌ನಲ್ಲಿ. ಮೊದಲ ಹಾರಾಟ 1987ರ ಫೆಬ್ರವರಿ 22, ಏರ್ ಫ್ರಾನ್ಸ್ ಸೇವೆಗೆ ಇಳಿಸಿದ್ದು 1988ರಲ್ಲಿ. ಆ ಹೊತ್ತಿಗೆ ಬೋಯಿಂಗ್ 737 ಸೇವೆಯಲ್ಲಿ 20 ವರ್ಷ ಕಳೆದಿತ್ತು. ತಡವಾಗಿ ಬಂದವನು ಅದೇ ಸರಕು ತಂದರೆ ಯಾರು ಕೊಳ್ಳುತ್ತಾರೆ? ಅದಕ್ಕೇ ಎರಡು ಕಡೆ ಪಣ ಕಟ್ಟಿದರು. ಒಂದು, ದೇಹದ ಅಗಲ: 3.95 ಮೀಟರ್. 737ರದ್ದು 3.76. ಕೇಳಲು 19 ಸೆಂಟಿಮೀಟರ್ ಅಷ್ಟೇ, ಆದರೆ ಸಾಲಿಗೆ ಆರು ಸೀಟು ಹಾಕಿದ ಮೇಲೂ ಒಂದೊಂದು ಸೀಟಿಗೆ ಸುಮಾರು ಒಂದು ಇಂಚು ಹೆಚ್ಚು ಸಿಗುತ್ತದೆ. ಹೊಟ್ಟೆಯ ಸಾಮಾನು ಕೋಣೆಗೆ ಎಲ್‌ಡಿ3-45 ಕಂಟೇನರ್ ಹಿಡಿಸುತ್ತದೆ: ಎ320ಕ್ಕೆ 7, ಎ321ಕ್ಕೆ 10. 737ರಲ್ಲಿ ಇವತ್ತಿಗೂ ಚೀಲಗಳನ್ನು ಒಂದೊಂದಾಗಿ ಕೈಯಲ್ಲೇ ಪೇರಿಸಬೇಕು.

ಎರಡನೆಯದು ಡಿಜಿಟಲ್ ಫ್ಲೈ-ಬೈ-ವೈರ್, ಅಂದರೆ ಪೈಲಟ್‌ನ ಆಜ್ಞೆ ಕಂಪ್ಯೂಟರ್ ಮೂಲಕ ತಂತಿಯಲ್ಲಿ ಹೋಗುವ ವ್ಯವಸ್ಥೆ. ಕಾಂಕಾರ್ಡ್‌ನಲ್ಲೂ ವಿದ್ಯುತ್ ಸಂಕೇತದ ನಿಯಂತ್ರಣವಿತ್ತು, ಆದರೆ ಅದು ಅನಲಾಗ್. ಪ್ರಯಾಣಿಕ ವಿಮಾನವೊಂದನ್ನು ಪೂರ್ತಿ ಡಿಜಿಟಲ್ ಮಾಡಿ, ಪೈಲಟ್‌ನ ಮುಂದಿರುತ್ತಿದ್ದ ಯೋಕ್ (ಸ್ಟಿಯರಿಂಗ್‌ನಂಥ ಹಿಡಿ) ಕಿತ್ತುಹಾಕಿ, ಪಕ್ಕದಲ್ಲೊಂದು ಸೈಡ್‌ಸ್ಟಿಕ್ ಇಟ್ಟಿದ್ದು ಇದೇ ಮೊದಲು. ಪೈಲಟ್ ಆಗಿದ್ದ ಎಂಜಿನಿಯರ್ ಬರ್ನಾರ್ ಝಿಗ್ಲೇರ್ ಇದರ ಹಿಂದಿದ್ದ ಹಟವಾದಿ.

ಆಮೇಲೆ ಎಳೆದರು, ಮೊಟಕು ಮಾಡಿದರು: ಎ321 (44.51 ಮೀ), ಎ319 (33.84 ಮೀ), ಎ318 (31.44 ಮೀ). ಮೂಲ ಎ320 37.57 ಮೀ. ಕಾಕ್‌ಪಿಟ್ ಒಂದೇ, ಪೈಲಟ್‌ಗೆ ಟೈಪ್ ರೇಟಿಂಗ್ (ಆ ಮಾದರಿ ಹಾರಿಸುವ ಅರ್ಹತೆ) ಒಂದೇ. ವಿಮಾನ ಕಂಪನಿಗಳು ಮರುಳಾಗಿದ್ದು ಮುಖ್ಯವಾಗಿ ಇದಕ್ಕೆ.

ಎಲಾಕ್_ಸೆಕ್
"ಕಂಪ್ಯೂಟರೇ ಪೈಲಟ್" ಅನ್ನೋ ಮಾತಿಗೆ ಬರ್ತೀನಿ.

ಒಟ್ಟು ಏಳು ಕಂಪ್ಯೂಟರ್. ಎರಡು ಎಲಾಕ್ (ವಿಮಾನ ವಾಲಿಸೋ ಏಲರಾನ್ ಮತ್ತು ಮೂಗು ಏರಿಸಿ ಇಳಿಸೋ ಎಲಿವೇಟರ್), ಮೂರು ಸೆಕ್ (ರೆಕ್ಕೆ ಮೇಲೆ ಏಳೋ ಸ್ಪಾಯ್ಲರ್, ಜೊತೆಗೆ ಎಲಿವೇಟರ್‌ಗೆ ಬದಲಿ), ಎರಡು ಫ್ಯಾಕ್ (ಬಾಲದ ರಡ್ಡರ್). ಎಲಾಕ್ ಮತ್ತು ಸೆಕ್‌ಗಳನ್ನು ಬೇರೆ ಬೇರೆ ತಂಡ, ಬೇರೆ ಬೇರೆ ಪ್ರೊಸೆಸರ್ ಮೇಲೆ ಮಾಡಿದ್ದು. ಒಂದೊಂದು ಪೆಟ್ಟಿಗೆಯೊಳಗೂ ಎರಡು ಚಾನೆಲ್: ಒಂದು ಆಜ್ಞೆ ಕೊಡೋದು, ಇನ್ನೊಂದು ಅದನ್ನ ಕಾಯೋದು. ಎರಡರ ಲೆಕ್ಕ ತಾಳೆ ಆಗದಿದ್ರೆ ಆ ಪೆಟ್ಟಿಗೆ ತಾನೇ ಪಕ್ಕಕ್ಕೆ ಸರಿಯುತ್ತೆ. ಒಂದೇ ಸಾಫ್ಟ್‌ವೇರ್ ದೋಷ ಏಳನ್ನೂ ಒಟ್ಟಿಗೆ ಮಲಗಿಸಬಾರದು ಅನ್ನೋದು ಉದ್ದೇಶ.

ನಾರ್ಮಲ್ ಲಾದಲ್ಲಿ (ಎಲ್ಲ ಸರಿ ಇದ್ದಾಗಿನ ನಿಯಂತ್ರಣ ಕ್ರಮ) ಸ್ಟಿಕ್ ಎಳೆದಾಗ ನೀವು ಎಲಿವೇಟರ್‌ಗೆ ಹೇಳ್ತಿಲ್ಲ, "ಇಷ್ಟು ಜಿ (ಗುರುತ್ವದ ಇಷ್ಟು ಪಟ್ಟು) ಕೊಡು" ಅಂತ ಕೇಳ್ತಿದ್ದೀರಿ. ಕೈ ಬಿಟ್ರೆ 1 ಜಿ, ಅಂದ್ರೆ ಹೋಗ್ತಿದ್ದ ದಾರಿಯಲ್ಲೇ ಹೋಗುತ್ತೆ, ಟ್ರಿಮ್ ತಾನೇ ಹೊಂದಿಸ್ಕೊಳ್ಳುತ್ತೆ. ಮಿತಿಗಳು: ಫ್ಲಾಪ್ (ನಿಧಾನ ಹಾರಾಟಕ್ಕೆ ರೆಕ್ಕೆಯಿಂದ ಚಾಚೋ ಹಲಗೆ) ಇಲ್ಲದಾಗ +2.5ರಿಂದ -1 ಜಿ, ಫ್ಲಾಪ್ ಇದ್ದಾಗ +2ರಿಂದ 0. ಮೂಗು ಮೇಲಕ್ಕೆ 30 ಡಿಗ್ರಿ, ಕೆಳಕ್ಕೆ 15. ವಾಲೋದು 67 ಡಿಗ್ರಿವರೆಗೆ, ಆದರೆ 33 ದಾಟಿ ಸ್ಟಿಕ್ ಬಿಟ್ರೆ 33ಕ್ಕೇ ವಾಪಸ್. ಎಷ್ಟೇ ಎಳೆದ್ರೂ ಆಲ್ಫಾ ಮ್ಯಾಕ್ಸ್ (ಗಾಳಿಗೆ ರೆಕ್ಕೆ ಒಡ್ಡೋ ಕೋನದ ಮಿತಿ) ದಾಟಲ್ಲ. ನೆಲಕ್ಕೆ ಬಡಿಯೋ ಪರಿಸ್ಥಿತಿ ಬಂದ್ರೆ ಪೂರ್ತಿ ಎಳೆದು ಹಿಡಿ, ಸ್ಟಾಲ್ ಆಗದಷ್ಟರ (ರೆಕ್ಕೆ ಎತ್ತೋ ಬಲ ಕಳೆದುಕೊಳ್ಳದಷ್ಟರ) ಅಂಚಲ್ಲಿ ನಾನು ನಿಲ್ಲಿಸ್ತೀನಿ ಅನ್ನುತ್ತೆ ಯಂತ್ರ. ಇದು ಪ್ರೇಕ್ಷಕನಿಗೆ ಕೊಡೋ ಸವಲತ್ತಲ್ಲ.

ಇಳಿಯುವಾಗಿನ ಒಂದು ನಾಜೂಕು ನೋಡಿ. 1 ಜಿ ಹಿಡಿಯೋ ವಿಮಾನದಲ್ಲಿ ಫ್ಲೇರ್ ಮಾಡೋಕೆ (ನೆಲ ಮುಟ್ಟೋ ಮುಂಚೆ ಮೂಗು ಎತ್ತೋಕೆ) ಸ್ಟಿಕ್ ಎಳೆಯಬೇಕು ಅಂತ ಕೈಗೆ ಅನ್ನಿಸೋದೇ ಇಲ್ಲ. ಅದಕ್ಕೆ 50 ಅಡಿಯಲ್ಲಿ ಮೂಗಿನ ಕೋನ ನೆನಪಿಟ್ಟುಕೊಂಡು, 30 ಅಡಿಯಿಂದ 8 ಸೆಕೆಂಡ್‌ನಲ್ಲಿ 2 ಡಿಗ್ರಿ ಕೆಳಮುಖ ಆಗೋ ಹಾಗೆ ಮೂಗನ್ನ ಮೆಲ್ಲಗೆ ಬಗ್ಗಿಸುತ್ತೆ. ಪೈಲಟ್ ಹಳೇ ವಿಮಾನದ ಹಾಗೇ ಹಿಂದಕ್ಕೆಳೆದು ಇಳಿಸ್ತಾನೆ. ಬೇಕಂತಲೇ ಹಾಕಿದ ಸುಳ್ಳು ಭಾರ ಅದು.

ಬೋಯಿಂಗ್_ಭಕ್ತ
ಎಲ್ಲ ಸರಿ ಸರ್. ಆದ್ರೆ ಎರಡು ಸೈಡ್‌ಸ್ಟಿಕ್‌ಗೂ ಸಂಬಂಧವೇ ಇಲ್ಲವಲ್ಲ? ಇವರು ಎಳೀತಿದ್ದಾರಾ, ತಳ್ಳುತ್ತಿದ್ದಾರಾ ಅಂತ ಅವರಿಗೆ ಗೊತ್ತಾಗಲ್ಲ. ಯೋಕ್ ಆಗಿದ್ರೆ ಹೊಟ್ಟೆಗೇ ಬಂದು ತಾಗ್ತಿತ್ತು. ಎಂಜಿನ್ ಶಕ್ತಿಯ ಹಿಡಿ, ಥ್ರಸ್ಟ್ ಲೀವರೂ ಅಷ್ಟೇ, ಆಟೋಥ್ರಸ್ಟ್ (ಶಕ್ತಿಯನ್ನ ತಾನೇ ಹೊಂದಿಸೋ ವ್ಯವಸ್ಥೆ) ಶಕ್ತಿ ಏರಿಸಿದ್ರೂ ಇಳಿಸಿದ್ರೂ ಅದು ಕಲ್ಲಿನ ಬಸವನ ಹಾಗೆ ಅಲ್ಲೇ. ಕಣ್ಣಿಗೂ ಕೈಗೂ ಸಿಗ್ತಿದ್ದ ಸುಳಿವನ್ನ ಕಿತ್ತು ಪರದೆ ಮೇಲಿನ ಒಂದು ಪದಕ್ಕೆ ಇಳಿಸಿದ್ದಾರೆ. ಇದಕ್ಕೇನಂತೀರಿ?

ರನ್‌ವೇ_09
ಈ ಪ್ರಶ್ನೆಯನ್ನು ಬೆಂಗಳೂರಲ್ಲಿ ಕೇಳಿದರೆ ಉತ್ತರಕ್ಕೆ ತೂಕ ಬೇರೆ. 1990ರ ಫೆಬ್ರವರಿ 14, ಇಂಡಿಯನ್ ಏರ್‌ಲೈನ್ಸ್ 605, ಬೊಂಬಾಯಿಯಿಂದ ಎಚ್‌ಎಎಲ್ ನಿಲ್ದಾಣಕ್ಕೆ. ತಯಾರಾಗಿ ಬಂದು ಎರಡು ತಿಂಗಳೂ ಆಗದ ಎ320. 146 ಜನರಲ್ಲಿ 92 ಮಂದಿ ಸತ್ತರು. ರನ್‌ವೇ 09ರ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, ಪುಟಿದು, ದಿಬ್ಬಕ್ಕೆ ಗುದ್ದಿತು. ತನಿಖೆ ನಡೆಸಿದ್ದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್.

ಯಂತ್ರದ ಮಟ್ಟಿಗೆ ಆಗಿದ್ದಿಷ್ಟು. ಇಳಿಯುವ ಹಾದಿಯ ಕೊನೆಯಲ್ಲಿ ವಿಮಾನ "ಓಪನ್ ಡಿಸೆಂಟ್" ಮೋಡ್‌ಗೆ ಹೋಯಿತು. ಆ ಮೋಡ್‌ನಲ್ಲಿ ಆಟೋಥ್ರಸ್ಟ್ ಎಂಜಿನ್‌ಗಳನ್ನು ಐಡಲ್‌ಗೆ (ಕನಿಷ್ಠ ಶಕ್ತಿಗೆ) ಇಳಿಸಿಡುತ್ತದೆ, ವೇಗ ಕಾಯುವ ಹೊಣೆ ಮೂಗಿನ ಕೋನದ್ದು. ಲಂಬ ವೇಗದ ಗುಂಡಿಯ ಬದಲು ಎತ್ತರದ ಗುಂಡಿ ತಿರುಗಿರಬಹುದು ಎಂಬುದು ಪ್ರಬಲ ಊಹೆ. ಆಗಲೂ ಸರಿಪಡಿಸಿಕೊಳ್ಳಲು ದಾರಿ ಇತ್ತು: ಇಬ್ಬರ ಪರದೆಯಲ್ಲೂ ದಾರಿ ತೋರಿಸುವ ಎರಡೂ ಫ್ಲೈಟ್ ಡೈರೆಕ್ಟರ್ ಆಫ್ ಮಾಡಿದರೆ ಆಟೋಥ್ರಸ್ಟ್ ಸ್ಪೀಡ್ ಮೋಡ್‌ಗೆ ಬಂದು ಶಕ್ತಿ ಕೊಡುತ್ತದೆ. ಒಂದೇ ಆಫ್ ಆಯಿತು, ಇನ್ನೊಂದು ಉಳಿಯಿತು. ಎಂಜಿನ್ ಐಡಲ್‌ನಲ್ಲೇ ಉಳಿಯಿತು. ಅಪ್ರೋಚ್ ವೇಗ 132 ನಾಟ್ ಇರಬೇಕಾದಲ್ಲಿ 106ರವರೆಗೂ ಕುಸಿಯಿತು. ಲೀವರ್ ಮುಂದಕ್ಕೆ ತಳ್ಳಿದಾಗ ನೆಲ 140 ಅಡಿಯೂ ಇರಲಿಲ್ಲ. ಜೆಟ್ ಎಂಜಿನ್ ಐಡಲ್‌ನಿಂದ ಎದ್ದು ನಿಲ್ಲಲು ಸೆಕೆಂಡ್‌ಗಳು ಬೇಕು, ಪ್ರಮಾಣೀಕರಣದ ನಿಯಮವೇ 8 ಸೆಕೆಂಡ್ ಲೆಕ್ಕ ಹಿಡಿಯುತ್ತದೆ.

ವೇಗ ನೋಡದೇ ಇದ್ದದ್ದು ಪೈಲಟ್‌ಗಳ ತಪ್ಪು ಎಂದೇ ವರದಿ ಹೇಳಿತು. ಲೀವರ್ ಹಿಂದಕ್ಕೆ ಸರಿದಿದ್ದರೆ ಕೈಗೆ ಗೊತ್ತಾಗುತ್ತಿತ್ತೇ? ಆಗುತ್ತಿತ್ತೆಂದೇ ನನ್ನ ಎಣಿಕೆ. ಭಕ್ತರ ಮಾತನ್ನು ಇಲ್ಲಿ ತಳ್ಳಿಹಾಕಲಾರೆ.

ಎಲಾಕ್_ಸೆಕ್
ಒಪ್ತೀನಿ, ಆದ್ರೆ ಲೀವರ್ ಚಲಿಸೋ ವಿಮಾನಗಳೂ ವೇಗ ಕಳೆದುಕೊಂಡು ಬಿದ್ದಿವೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್ ಹತ್ರ ಟರ್ಕಿಶ್ 737 ಬಿದ್ದಾಗ ಲೀವರ್‌ಗಳು ತಾವೇ ಹಿಂದಕ್ಕೆ ಬಂದು ಐಡಲ್‌ನಲ್ಲಿ ಕೂತಿದ್ವು. ಕಣ್ಣೆದುರೇ ಇತ್ತು, ಯಾರೂ ನೋಡಲಿಲ್ಲ. ಹಾಗಾಗಿ ಚಲಿಸೋ ಲೀವರ್ ಸಂಜೀವಿನಿ ಏನಲ್ಲ.

ಏರ್‌ಬಸ್ ಲೀವರ್ ನಿಜವಾಗಿ ಕೈ ಕೊಡೋದು ಬೇರೆ ಕಡೆ. ಬಳಸೋ ಕ್ರಮ ಇದು: ಟೇಕಾಫ್‌ಗೆ ಫ್ಲೆಕ್ಸ್ (ಕಡಿಮೆ ಮಾಡಿದ ಟೇಕಾಫ್ ಶಕ್ತಿ) ಅಥವಾ ಟೋಗಾ (ಪೂರ್ತಿ ಶಕ್ತಿ) ಕಚ್ಚು. ಮೇಲೇರಿದ ಮೇಲೆ ಪರದೆಯಲ್ಲಿ "ಲೀವರ್ ಕ್ಲೈಂಬ್" ಮಿನುಗಿದಾಗ ಸಿಎಲ್ (ಕ್ಲೈಂಬ್) ಕಚ್ಚಿಗೆ ಎಳೆದು ಕೂರಿಸೋದು. ಅಲ್ಲಿಂದ ಇಳಿಯೋವರೆಗೂ ಮುಟ್ಟೋದು ಬೇಡ. ನೆಲದಿಂದ 20 ಅಡಿಯಲ್ಲಿ "ರಿಟಾರ್ಡ್" ಅಂತ ಕೂಗುತ್ತೆ, ಆಗ ಐಡಲ್‌ಗೆ. ಆ ಕೂಗು ಅಪ್ಪಣೆ ಅಲ್ಲ, ನೆನಪು ಮಾಡೋದು. ಎಳೆಯಬೇಕಾದ್ದು ಮನುಷ್ಯನೇ.

2007ರ ಜುಲೈ 17, ಬ್ರೆಜಿಲ್‌ನ ಸಾವೊ ಪೌಲೊದ ಕಾಂಗೊನ್ಯಾಸ್ ನಿಲ್ದಾಣ, ಟಾಮ್ 3054, ಇದೂ ಎ320. ಒಂದು ಎಂಜಿನ್ನಿನ ರಿವರ್ಸರ್ (ಇಳಿದ ಮೇಲೆ ಶಕ್ತಿಯನ್ನ ಹಿಂದುಮುಂದು ಮಾಡಿ ನಿಲ್ಲಿಸೋ ಸಾಧನ) ಮೊದಲೇ ನಿಷ್ಕ್ರಿಯ ಮಾಡಿಟ್ಟಿದ್ರು. ಇಳಿದ ಮೇಲೆ ಒಂದು ಲೀವರ್ ರಿವರ್ಸ್‌ಗೆ ಹೋಯ್ತು, ಇನ್ನೊಂದು ಸಿಎಲ್ ಕಚ್ಚಲ್ಲೇ ಉಳೀತು. ಒಂದು ಲೀವರ್ ಮುಂದಿದ್ರೆ "ಇವರಿನ್ನೂ ಇಳಿಯೋ ಮನಸ್ಸು ಮಾಡಿಲ್ಲ" ಅಂತ ತರ್ಕ. ಗ್ರೌಂಡ್ ಸ್ಪಾಯ್ಲರ್ ಏಳಲಿಲ್ಲ, ಆಟೋಬ್ರೇಕ್ ಕೆಲಸ ಮಾಡಲಿಲ್ಲ, ಒಂದು ಎಂಜಿನ್ ಮುಂದಕ್ಕೇ ದೂಡ್ತಿತ್ತು, ಚಿಕ್ಕ ರನ್‌ವೇ ಒದ್ದೆ. ನೆಲದ ಮೇಲಿದ್ದವರೂ ಸೇರಿ 199 ಜನ ಹೋದರು. 

ಸಿಮ್ಯುಲೇಟರ್ ಆಡೋರಿಗೆ ಒಂದು ಕಿವಿಮಾತು: ಆಟೋಥ್ರಸ್ಟ್ ಬಿಡಿಸೋ ಮುಂಚೆ ಲೀವರನ್ನ ಈಗಿರೋ ಶಕ್ತಿಗೆ ಸಮ ಮಾಡಿ, ಆಮೇಲೆ ಕೆಂಪು ಗುಂಡಿ ಒತ್ತಿ. ಹಾಗೆ ಮಾಡದೆ ಸಿಎಲ್‌ನಲ್ಲೇ ಇದ್ದಾಗ ಒತ್ತಿದ್ರೆ ಎಂಜಿನ್ ನೇರ ಕ್ಲೈಂಬ್ ಶಕ್ತಿಗೆ ಹಾರುತ್ತೆ.

ರನ್‌ವೇ_09
ಸೈಡ್‌ಸ್ಟಿಕ್ ಪ್ರಶ್ನೆ ಉಳಿಯಿತು. ಇಬ್ಬರೂ ಒಟ್ಟಿಗೆ ಅಲ್ಲಾಡಿಸಿದರೆ ಎರಡರ ಮೊತ್ತ ಹೋಗುತ್ತದೆ, ಅದೂ ಒಂದು ಸ್ಟಿಕ್ಕಿನ ಗರಿಷ್ಠದವರೆಗೆ ಮಾತ್ರ. ಒಬ್ಬ ಎಳೆದು ಇನ್ನೊಬ್ಬ ಅಷ್ಟೇ ತಳ್ಳಿದರೆ ಫಲ ಸೊನ್ನೆ. "ಡ್ಯುಯಲ್ ಇನ್‌ಪುಟ್" ಎಂದು ಕೂಗುತ್ತದೆ, ಕೆಂಪು ಗುಂಡಿ ಒತ್ತಿ ಹಿಡಿದವನಿಗೆ ಅಧಿಕಾರ.

2014ರ ಡಿಸೆಂಬರ್ 28ರಂದು ಬಿದ್ದ ಏರ್‌ಏಷ್ಯಾ 8501 ಎಂಬ ಎ320ರಲ್ಲಿ ಇದು ಸಾಲಲಿಲ್ಲ. ರಡ್ಡರ್ ಮಿತಿಯ ಘಟಕದಲ್ಲಿ ಬೆಸುಗೆ ಬಿರುಕು ಬಿಟ್ಟು ಅದೇ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿತ್ತು. ಫ್ಯಾಕ್‌ಗಳ ಸರ್ಕಿಟ್ ಬ್ರೇಕರ್ ಎಳೆದು ಹಾಕಿದರು. ಆಟೋಪೈಲಟ್ ಹೋಯಿತು, ಆಟೋಥ್ರಸ್ಟ್ ಹೋಯಿತು, ನಾರ್ಮಲ್ ಲಾ ಹೋಗಿ ಆಲ್ಟರ್ನೇಟ್ ಲಾ ಬಂತು, ಅಂದರೆ ಸ್ಟಾಲ್‌ನಿಂದ ಕಾಯುವ ಗೋಡೆ ಹೋಯಿತು. ಒಬ್ಬರು ಎಳೆಯುತ್ತಲೇ ಇದ್ದರು, ಇನ್ನೊಬ್ಬರು ತಳ್ಳುತ್ತಿದ್ದರು. 162 ಸಾವು. ನೆಲದ ಮೇಲೆ ನಿಂತಾಗ ಪರವಾಗಿಲ್ಲ ಎನ್ನುವ ಬ್ರೇಕರ್ ಎಳೆತ ಆಕಾಶದಲ್ಲಿ ಎಷ್ಟು ದುಬಾರಿ ನೋಡಿ.

ಎಲಾಕ್_ಸೆಕ್
ಸೇರಿಸ್ತೀನಿ: 2025ರ ನವೆಂಬರ್ ಕೊನೆಯಲ್ಲಿ ಸುಮಾರು 6000 ವಿಮಾನಗಳಿಗೆ ತುರ್ತು ಆದೇಶ ಬಂತಲ್ಲ, ಅದು ಎಲಾಕ್‌ದೇ. ತೀವ್ರ ಸೌರ ವಿಕಿರಣದಿಂದ ದತ್ತಾಂಶ ಕೆಡಬಹುದು ಅಂತ ಹೊಸ ಸಾಫ್ಟ್‌ವೇರ್ ತೆಗೆದು ಹಿಂದಿನ ಆವೃತ್ತಿ ಹಾಕಿಸಿದ್ರು. ಬಹುತೇಕ ವಿಮಾನಗಳಿಗೆ ಕೆಲವೇ ಗಂಟೆಗಳ ಕೆಲಸ. ಹಳೇ ಹಾರ್ಡ್‌ವೇರ್ ಇದ್ದವಕ್ಕೆ ಮಾತ್ರ ಪೆಟ್ಟಿಗೆಯನ್ನೇ ಬದಲಿಸಬೇಕಾಯ್ತು.

ಹೊಸಬ_ಸಿಮ್
ಹಳೇ ಇಂಡಿಯನ್ ಏರ್‌ಲೈನ್ಸ್ ಎ320 ಫೋಟೊಗಳಲ್ಲಿ ಹಿಂದಿನ ಕಾಲಿಗೆ ನಾಲ್ಕು ಚಕ್ರ ಕಾಣ್ಸುತ್ತೆ. ಫೋಟೊ ತಪ್ಪಾ, ನನ್ನ ಕಣ್ಣು ತಪ್ಪಾ?

ಹುಬ್ಬಳ್ಳಿ_ಹೈಡ್ರಾಲಿಕ್ಸ್
ಎರಡೂ ತಪ್ಪಲ್ರಿ. ಅದು ನಮ್ಮ ದೇಶಕ್ಕಂತಲೇ ಬಂದ ಬೋಗಿ ಗೇರ್. ಮಾಮೂಲಿ ಎ320ಕ್ಕ ಒಂದೊಂದು ಮುಖ್ಯ ಕಾಲಿಗೆ ಎರಡು ಚಕ್ರ. ಆಗ ನಮ್ಮ ಎಷ್ಟೋ ನಿಲ್ದಾಣದ ರನ್‌ವೇ ಗಟ್ಟಿ ಇರಲಿಲ್ಲ. ಲೆಕ್ಕ ಹಾಕ್ರಿ: 73 ಟನ್ ವಿಮಾನ, ಅದರ ಶೇ. 95ರಷ್ಟು ಭಾರ ಮುಖ್ಯ ಕಾಲುಗಳ ಮ್ಯಾಲೆ. ನಾಲ್ಕು ಟೈರಿಗೆ ಹಂಚಿದ್ರ ಒಂದಕ್ಕ 17 ಟನ್ ದಾಟತೈತಿ. ಎಂಟಕ್ಕ ಹಂಚಿದ್ರ ಒಂಬತ್ತು ಟನ್ ಒಳಗ. ರನ್‌ವೇ ಒಡಿಯೋದು ಒಟ್ಟು ಭಾರದಿಂದ ಅಲ್ಲ, ಒಂದು ಜಾಗದಾಗ ಊರೋ ಭಾರದಿಂದ.

ಪುಕ್ಕಟೆ ಏನೂ ಬರಂಗಿಲ್ಲ. ಗೇರಿನ ತೂಕ ಹೆಚ್ಚಾತು, ಬ್ರೇಕ್ ಎಂಟಾದವು, ಬಿಡಿಭಾಗ ಬೇರೆ ಯಾರ ಹತ್ರನೂ ಸಿಗದಂಗ ಆತು. ಆಮೇಲೆ ರನ್‌ವೇಗಳು ಸುಧಾರಿಸಿದವು, ಮುಂದ ಬಂದ ವಿಮಾನಗಳು ಎಲ್ಲಾರ ಹಂಗ ಎರಡು ಚಕ್ರದವು. ಬೆಂಗಳೂರಿನ ಏರ್ ಡೆಕ್ಕನ್, ಕಿಂಗ್‌ಫಿಷರ್ ತಂದ ಎ320ಗಳೂ ಎರಡು ಚಕ್ರದವೇ.

ಬೋಯಿಂಗ್_ಭಕ್ತ
ಕಾಲಿನ ಮಾತು ಬಂತು ಅಂತ ಒಂದು ಒಪ್ಪಿಕೊಳ್ತೀನಿ. 737ರ ಗಿಡ್ಡ ಕಾಲೇ ಬೋಯಿಂಗ್‌ಗೆ ಮುಳುವಾಯ್ತು. ಎ320ರ ರೆಕ್ಕೆ ಕೆಳಗೆ ಜಾಗ ಇತ್ತು, ದೊಡ್ಡ ಎಂಜಿನ್ ನೇತು ಹಾಕಿದ್ರು. 737ರ ಹೊಸ ಮಾದರಿ ಮ್ಯಾಕ್ಸ್‌ನಲ್ಲಿ ಎಂಜಿನ್ನನ್ನ ಮುಂದಕ್ಕೂ ಮೇಲಕ್ಕೂ ಸರಿಸಬೇಕಾಯ್ತು, ಅದರಿಂದ ಬದಲಾದ ಗುಣ ಮುಚ್ಚೋಕೆ ಮೂಗನ್ನ ತಾನೇ ಬಗ್ಗಿಸೋ ಎಂಕ್ಯಾಸ್ ಬಂತು. ಮುಂದಿನ ಎರಡು ಅಪಘಾತಗಳ ಕಥೆ ಎಲ್ಲರಿಗೂ ಗೊತ್ತು.

ಟರ್ಬೈನ್_ಟೀಚರ್
ಹಾಗಂತ ನಿಯೋಗೆ (ಹೊಸ ಎಂಜಿನ್ನಿನ ಎ320) ಎಂಜಿನ್ ಸುಖವಾಗಿ ಬಂತು ಎಂದುಕೊಳ್ಳಬೇಡಿ. ಘೋಷಣೆ 2010ರ ಡಿಸೆಂಬರ್ 1, ಮೊದಲ ಹಾರಾಟ 2014ರ ಸೆಪ್ಟೆಂಬರ್ 25, ಮೊದಲ ವಿಮಾನ ಲುಫ್ತಾನ್ಸಾಗೆ 2016ರ ಜನವರಿಯಲ್ಲಿ. ಮೊದಲು ಪಡೆಯಬೇಕಿದ್ದ ಕತಾರ್ ಏರ್‌ವೇಸ್ ಬೇಡವೆಂದಿತು. ಕಾರಣ ಎಂಜಿನ್ ಸ್ಟಾರ್ಟ್.

ಪ್ರಾಟ್ ಅಂಡ್ ವಿಟ್ನಿ ಪಿಡಬ್ಲ್ಯು1100ಜಿ ಎಂಜಿನ್ನಿನ ಜಾಣ್ಮೆ ಅದರ ಗೇರ್‌ನಲ್ಲಿದೆ. ಫ್ಯಾನ್ ನಿಧಾನ ತಿರುಗಿದರೆ ದಕ್ಷ, ಟರ್ಬೈನ್ ಜೋರಾಗಿ ತಿರುಗಿದರೆ ದಕ್ಷ. ಒಂದೇ ಶಾಫ್ಟ್‌ನಲ್ಲಿ ಕಟ್ಟಿದರೆ ಇಬ್ಬರೂ ರಾಜಿ ಮಾಡಿಕೊಳ್ಳಬೇಕು. ನಡುವೆ ಸುಮಾರು 3:1ರ ಗೇರ್ ಇಟ್ಟರೆ ಯಾರಿಗೂ ತೊಂದರೆಯಿಲ್ಲ. ಫ್ಯಾನ್ ವ್ಯಾಸ 81 ಇಂಚು, ಬೈಪಾಸ್ ಅನುಪಾತ (ಒಳಗೆ ಉರಿಯುವ ಗಾಳಿಗೆ ಹೋಲಿಸಿದರೆ ಸುತ್ತ ಹಾದುಹೋಗುವ ಗಾಳಿ) ಸುಮಾರು 12. ಹಳೆಯ ಎ320ಗಳ ವಿ2500 ಎಂಜಿನ್ನಿನ ಫ್ಯಾನ್ 63.5 ಇಂಚು ಮಾತ್ರ. ಪ್ರತಿಸ್ಪರ್ಧಿ ಲೀಪ್-1ಎ ಗೇರ್ ಇಲ್ಲದೆ 78 ಇಂಚಿನ ಫ್ಯಾನ್‌ನಲ್ಲಿ 11ರ ಬೈಪಾಸ್ ತಲುಪಿತು. ಜೊತೆಗೆ ರೆಕ್ಕೆ ತುದಿಯಲ್ಲಿ ಮೇಲೆದ್ದ 2.4 ಮೀಟರ್ ಎತ್ತರದ ಶಾರ್ಕ್‌ಲೆಟ್. ಎಲ್ಲ ಸೇರಿ ಇಂಧನ ಉಳಿತಾಯ ಶೇ. 15ರಿಂದ ಶುರು.

ತೊಂದರೆ ಬಂದದ್ದು ಗೇರ್‌ಬಾಕ್ಸ್‌ನಿಂದ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು, ಗೇರ್ ಚೆನ್ನಾಗೇ ಇತ್ತು. ಮೊದಲ ಕಾಟ ರೋಟರ್ ಬಾಗುವುದು. ಎಂಜಿನ್ ನಿಂತ ಮೇಲೆ ಒಳಗಿನ ಬಿಸಿ ಗಾಳಿ ಮೇಲ್ಭಾಗದಲ್ಲಿ ಸೇರುತ್ತದೆ, ಶಾಫ್ಟಿನ ಮೇಲ್ಬದಿ ಕೆಳಬದಿಗಿಂತ ಹೆಚ್ಚು ಹಿಗ್ಗುತ್ತದೆ, ಕೂದಲೆಳೆಯಷ್ಟು ಬಿಲ್ಲಿನಂತೆ ಬಾಗುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಬ್ಲೇಡ್ ತುದಿಗಳು ಕವಚಕ್ಕೆ ಉಜ್ಜುತ್ತವೆ. ಅದಕ್ಕೆ ಇಂಧನ ಕೊಡದೆ ಮೆಲ್ಲಗೆ ತಿರುಗಿಸಿ ತಂಪು ಸಮ ಮಾಡಬೇಕು. ಆರಂಭದಲ್ಲಿ ಇದಕ್ಕೇ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಮರಳಿ ಹಾರಬೇಕಾದ ವಿಮಾನಕ್ಕೆ ಅದು ಶಿಕ್ಷೆ.

ಆಮೇಲೆ ಮೂರನೇ ಬೇರಿಂಗ್‌ನ ಸೀಲ್, ದಹನ ಕೋಣೆಯ ಒಳಪದರ, ಲೋ ಪ್ರೆಷರ್ ಟರ್ಬೈನ್‌ನ ಮೂರನೇ ಹಂತದ ಬ್ಲೇಡ್. ಕೊನೆಯದಕ್ಕೇ 2019ರಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಗಡುವು ಕೊಟ್ಟು ಇಂಡಿಗೋದ ಎಂಜಿನ್‌ಗಳನ್ನು ಬದಲಿಸಲು ಹೇಳಿದ್ದು. ಇವೆಲ್ಲ ಮುಗಿಯಿತು ಎನ್ನುವಾಗ 2023ರ ಜುಲೈನಲ್ಲಿ ಡಿಸ್ಕ್‌ಗಳ ಸುದ್ದಿ ಬಂತು. ಟರ್ಬೈನ್ ಡಿಸ್ಕ್ (ಬ್ಲೇಡ್‌ಗಳನ್ನು ಹಿಡಿದಿಡುವ ತಟ್ಟೆ) ಮಾಡುವ ಲೋಹದ ಪುಡಿಯಲ್ಲಿ ಕಲ್ಮಶ, ಆ ಕಲ್ಮಶದ ಕಣದಿಂದ ಬಿರುಕು ಹುಟ್ಟಬಹುದು. ಬ್ಲೇಡ್ ಮುರಿದರೆ ಕವಚ ತಡೆಯುತ್ತದೆ, ಡಿಸ್ಕ್ ಒಡೆದರೆ ಯಾವ ಕವಚವೂ ತಡೆಯಲಾರದು. ಆದ್ದರಿಂದ ನೋಡೋಣ ಎನ್ನುವ ಮಾತೇ ಇಲ್ಲ, ಎಂಜಿನ್ ಬಿಚ್ಚಿ ಅಲ್ಟ್ರಾಸೌಂಡ್ ಪರೀಕ್ಷೆಯೇ ಆಗಬೇಕು. ರೆಕ್ಕೆಯಿಂದ ಇಳಿಸಿ ಮತ್ತೆ ಏರಿಸಲು 250ರಿಂದ 300 ದಿನ ಎಂದು ಕಂಪನಿಯೇ ಅಂದಾಜು ಹೇಳಿತು. ಅದೇ ವರ್ಷದ ಮೇನಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕುವಾಗ ಇದೇ ಎಂಜಿನ್ ಕೊರತೆಯತ್ತ ಬೆರಳು ತೋರಿಸಿತ್ತು.

ಹೊಸಬ_ಸಿಮ್
ಮೇಡಂ, ಎ321 ಎಕ್ಸ್‌ಎಲ್‌ಆರ್ ಅಂತಾರಲ್ಲ, ಅದು ಬರೀ ಟ್ಯಾಂಕ್ ಸೇರಿಸಿದ ಎ321 ತಾನೇ?

ಟರ್ಬೈನ್_ಟೀಚರ್
"ಬರೀ ಟ್ಯಾಂಕ್" ಅಲ್ಲಪ್ಪ. ಮೊದಲಿನ ಹೆಚ್ಚುವರಿ ಟ್ಯಾಂಕ್‌ಗಳು ಸಾಮಾನು ಕೋಣೆಯಲ್ಲಿ ಕೂರಿಸುವ ಬಿಡಿ ಪೆಟ್ಟಿಗೆ. ಎಕ್ಸ್‌ಎಲ್‌ಆರ್‌ನದ್ದು ವಿಮಾನದ ದೇಹವೇ ಗೋಡೆಯಾದ ಹಿಂಬದಿ ಟ್ಯಾಂಕ್, 12,900 ಲೀಟರ್. ಪೆಟ್ಟಿಗೆಯ ಇಬ್ಬದಿಯ ಗೋಡೆಯ ತೂಕ ಉಳಿಯಿತು, ಆದರೆ ಕಾಲು ಮುರಿದು ಹೊಟ್ಟೆ ಉಜ್ಜಿಕೊಂಡು ಇಳಿದರೆ, ಹೊರಗಿನಿಂದ ಬೆಂಕಿ ತಗುಲಿದರೆ ಏನು ಗತಿ ಎಂದು ನಿಯಂತ್ರಕರು ಪಟ್ಟು ಹಿಡಿದರು. ಬಲಪಡಿಸಬೇಕಾಯಿತು, ತೂಕ ಏರಿತು, ಸೇವೆ ತಡವಾಗಿ 2024ರ ನವೆಂಬರ್‌ನಲ್ಲಿ ಐಬೇರಿಯಾದಿಂದ ಶುರುವಾಯಿತು. ಗರಿಷ್ಠ ಟೇಕಾಫ್ ತೂಕ 101 ಟನ್, ಗೇರ್ ಗಟ್ಟಿ. ಇನ್ನೊಂದು ಸ್ವಾರಸ್ಯ: ಎ321 ಹುಟ್ಟಿದಾಗ ಹೆಚ್ಚಿದ ತೂಕಕ್ಕೆಂದು ಡಬಲ್ ಸ್ಲಾಟ್ ಫ್ಲಾಪ್ ಕೊಟ್ಟಿದ್ದರು. ಎಕ್ಸ್‌ಎಲ್‌ಆರ್‌ನಲ್ಲಿ ಒಳಬದಿಯ ಫ್ಲಾಪನ್ನು ಮತ್ತೆ ಸಿಂಗಲ್ ಸ್ಲಾಟ್ ಮಾಡಿದ್ದಾರೆ.

ಫ್ಲಾಪ್ ಎಂದಾಗ ನೆನಪಾಯಿತು, ಈ ಕುಟುಂಬದ ಫ್ಲಾಪ್ ಟ್ರ್ಯಾಕ್ ಬೀಮ್‌ಗಳನ್ನು ಬೆಂಗಳೂರಿನ ಡೈನಮ್ಯಾಟಿಕ್ ಮಾಡಿಕೊಡುತ್ತದೆ. ಮುಂದಿನ ಪ್ರಯಾಣಿಕರ ಬಾಗಿಲುಗಳಲ್ಲಿ ಹಲವು ಎಚ್‌ಎಎಲ್‌ನವು.

ಹುಬ್ಬಳ್ಳಿ_ಹೈಡ್ರಾಲಿಕ್ಸ್
ಬಾಗಿಲು ಅಂದ್ರಲ್ಲ ಮೇಡಂ, ಅದರ ಸಣ್ಣ ಕಿಟಕಿ ಕೆಳಗ ಎರಡು ದೀಪ ಅದಾವ. ಹಿಡಿ ಎತ್ತೋಕ ಹೋದಾಗ ಬಿಳಿ ಹತ್ತಿದ್ರ ಸ್ಲೈಡ್ (ತುರ್ತು ಜಾರುಬಂಡಿ) ಇನ್ನೂ ಆರ್ಮ್ ಆಗೇತಿ, ಅಂದ್ರ ಬಾಗಿಲು ತೆಗೆದ್ರ ಉಬ್ಬಿ ಬರತೈತಿ, ಕೈ ಬಿಡ್ರಿ. ಕೆಂಪು ಮಿನುಗಿದ್ರ ಒಳಗ ಒತ್ತಡ ಉಳದೈತಿ, ಬಾಗಿಲು ಸಿಡಿದು ಮನುಷ್ಯಾನ್ನ ಹೊರಗ ಒಗೀತೈತಿ.

ಹೊಸಬ_ಸಿಮ್
ಕೊನೇ ಪ್ರಶ್ನೆ, ನಗಬೇಡಿ. ಗೇಟ್‌ನಿಂದ ಹೊರಡುವಾಗ ಕಾಲ ಕೆಳಗೆ ನಾಯಿ ಬೊಗಳಿದ ಹಾಗೆ, ಗರಗಸ ಎಳೆದ ಹಾಗೆ ಸದ್ದು ಬರುತ್ತಲ್ಲ, ಏನದು?

ಹುಬ್ಬಳ್ಳಿ_ಹೈಡ್ರಾಲಿಕ್ಸ್
ಪಿಟಿಯು ರೀ, ಪವರ್ ಟ್ರಾನ್ಸ್‌ಫರ್ ಯೂನಿಟ್. ಎಣ್ಣಿ ಒತ್ತಡದಿಂದ ನಡೆಯೋ ಹೈಡ್ರಾಲಿಕ್ ಮೂರು: ಹಸಿರು, ನೀಲಿ, ಹಳದಿ, ಎಲ್ಲಾ 3000 ಪಿಎಸ್‌ಐ. ಹಸಿರಿನ ಪಂಪ್ ಒಂದನೇ ಎಂಜಿನ್ ಮ್ಯಾಲೆ, ಹಳದಿದು ಎರಡನೇದರ ಮ್ಯಾಲೆ, ಜೊತಿಗೆ ಹಳದಿಗೆ ಒಂದು ಕರೆಂಟ್ ಪಂಪೂ ಐತಿ. ನೀಲಿ ಕರೆಂಟ್ ಪಂಪಿನದು, ಎಲ್ಲಾ ಹೋದ್ರ ಹೊಟ್ಟಿಂದ ಇಳಿಯೋ ಗಾಳಿ ಟರ್ಬೈನ್ ಅದನ್ನ ನಡಸ್ತೈತಿ. ಹಸಿರು–ಹಳದಿ ನಡುವ 500 ಪಿಎಸ್‌ಐ ಅಂತರ ಬಿತ್ತಂದ್ರ ಪಿಟಿಯು ಏಳತೈತಿ. ಒಂದ ಶಾಫ್ಟಿನ ಆ ಕಡೆ ಮೋಟರ್, ಈ ಕಡೆ ಪಂಪ್. ಎಣ್ಣಿ ಅತ್ತಿಂದಿತ್ತ ಹೋಗಂಗಿಲ್ಲ, ಬರೀ ಶಕ್ತಿ ದಾಟತೈತಿ. ಒತ್ತಡ ತುಂಬಿತು ನಿಂತ್ತು, ಇಳೀತು ಎದ್ತು. ಅದಕ್ಕ ಬೌ, ಬೌ.

ಒಂದು ಎಂಜಿನ್ ಆದ ಮ್ಯಾಲೆ ಉಳಿದದ್ದನ್ನ ಸ್ಟಾರ್ಟ್ ಮಾಡೋವಾಗ ಅದು ತಾನೇ ಪರೀಕ್ಷೆ ಮಾಡ್ಕೋತೈತಿ, ನೀವು ಕೇಳಿದ್ದು ಅದ. ಇಳಿದ ಮ್ಯಾಲೆ ಇಂಧನ ಉಳಸಾಕ ಎರಡನೇ ಎಂಜಿನ್ ಆರಿಸಿ ಟ್ಯಾಕ್ಸಿ ಮಾಡೋ ಮುಂದ ಹಳದಿ ಕರೆಂಟ್ ಪಂಪ್ ಹಾಕೋದು ಮರೆತ್ರ ನಿಲ್ದಾಣದ ತನಕ ಬೊಗಳತೈತಿ.

ಖರೇ ಹೆದರಬೇಕಾದ್ದು ಸೋರಿಕಿಗೆ. ಒಂದು ಕಡೆ ಎಣ್ಣಿ ಖಾಲಿ ಆಗಿದ್ರ ಪಿಟಿಯು ಆಫ್ ಮಾಡ್ಬೇಕು. ಇಲ್ಲಾಂದ್ರ ಖಾಲಿ ಪಂಪನ್ನ ತಿರಗಸ್ತಾ ತಿರಗಸ್ತಾ ಛಲೋ ಇದ್ದ ಇನ್ನೊಂದನ್ನೂ ಕಾಯಿಸಿ ಕೆಡಸ್ತೈತಿ.

ಹೊಸಬ_ಸಿಮ್
ಕಾರ್ಗೋ ಬಾಗಿಲು ಹಳದಿಯಲ್ಲೇ ನಡೆಯೋದಲ್ವಾ ಸರ್, ಆಗ ಯಾಕೆ ಬೊಗಳಲ್ಲ?

ಹುಬ್ಬಳ್ಳಿ_ಹೈಡ್ರಾಲಿಕ್ಸ್
ಬಾಗಿಲು ನಡೆಯೋವಾಗ ಮತ್ತ ಅದಾದ 40 ಸೆಕೆಂಡ್ ಪಿಟಿಯು ಏಳದಂಗ ತಡೆದಿರ್ತಾರ. ಹಳದಿ ಕರೆಂಟ್ ಪಂಪ್ ಒಂದ ಗುಂಯ್ ಅಂತೈತಿ, ಅಷ್ಟ.